ಸ್ವಕೃತಿಯ ಪುನರ್ಬಳಕೆ: ಅಚೌರ್ಯದ ಪ್ರಶ್ನೆಯೋ, ಸತ್ಯದ ಪ್ರಶ್ನೆಯೋ?

ಜೈನಕವಿ ಇಮ್ಮಡಿ ನಾಗವರ್ಮನು ಕನ್ನಡದ ವ್ಯಾಕರಣವನ್ನು ಎರಡು ಬಾರಿ ನಿರೂಪಿಸಿದ್ದಾನೆ. ‘ಕಾವ್ಯಾವಲೋಕನ’ದ ಮೊದಲ ಭಾಗವಾದ ‘ಶಬ್ದಸ್ಮೃತಿ’ಯಲ್ಲಿ ಅದು ಕನ್ನಡ ಪದ್ಯಗಳಲ್ಲಿದೆ, ‘ಕರ್ಣಾಟಕ ಭಾಷಾಭೂಷಣ’ದಲ್ಲಿ ಸಂಸ್ಕೃತ ಸೂತ್ರ ಹಾಗೂ ವೃತ್ತಿಗಳ ರೂಪದಲ್ಲಿದೆ. ವಿಷಯ ಬಹುಮಟ್ಟಿಗೆ ಒಂದೇ ಆದರೂ ಇದನ್ನು ಚರ್ವಿತಚರ್ವಣವೆಂದು ಹಳಿಯಲಾಗದು. ಮೊದಲನೆಯದು ಕಾವ್ಯಲಕ್ಷಣ ಗ್ರಂಥವೊಂದರ ಅಂಗ. ಎರಡನೆಯದು ಸಂಸ್ಕೃತಜ್ಞರ ಮುಂದೆ ಕನ್ನಡವನ್ನು ಶಾಸ್ತ್ರಯೋಗ್ಯ ಭಾಷೆಯಾಗಿ ನಿಲ್ಲಿಸುವ ಸ್ವತಂತ್ರ ಕೃತಿ. ಓದುಗರು ಬೇರೆ, ಪ್ರಯೋಜನವೂ ಬೇರೆ.

ಇಂದಿನ ಸಂಶೋಧನ ಲೋಕದಲ್ಲಿ ಈ ಪ್ರಶ್ನೆ ಮತ್ತೊಂದು ರೂಪ ತಾಳಿದೆ. ಹಿಂದೆ ಪ್ರಕಟವಾದ ಸ್ವಂತ ಲೇಖನವನ್ನು ಉಲ್ಲೇಖಿಸದೆ ಮತ್ತೆ ಪ್ರಕಟಿಸುವುದು ಸಲ್ಲದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2020ರ ಏಪ್ರಿಲ್‌ನಲ್ಲಿ ತಿಳಿಸಿತು. ‘ನನ್ನದನ್ನೇ ನಾನು ಕದಿಯುವುದುಂಟೆ?’ ಎಂಬ ಆಕ್ಷೇಪ ಸಹಜವಾದುದೇ. ‘ತತ್ತ್ವಾರ್ಥಸೂತ್ರ’ದ ಪ್ರಕಾರ ಕಳವೆಂದರೆ ಕೊಡದಿರುವುದನ್ನು ತೆಗೆದುಕೊಳ್ಳುವುದು. ಆ ದೃಷ್ಟಿಯಿಂದ ಸ್ವಂತ ಬರಹದ ಪುನರ್ಬಳಕೆ ಕಳವಲ್ಲ. ಆದರೆ ಹಳೆಯದನ್ನು ಹೊಸದೆಂದು ತೋರಿಸಿದಾಗ ಭಂಗವಾಗುವುದು ಅಚೌರ್ಯವ್ರತವಲ್ಲ, ಸತ್ಯವ್ರತ.

ಇದರ ಹಾನಿ ನಾಗವರ್ಮನ ಕಾಲವಿಚಾರದಲ್ಲಿಯೇ ಸ್ಪಷ್ಟವಾಗುತ್ತದೆ. ಆರ್. ನರಸಿಂಹಾಚಾರ್ಯರು ಅವನನ್ನು ಹನ್ನೆರಡನೆಯ ಶತಮಾನದವನೆಂದು ಗಣಿಸಿದ್ದರು. ನಾಗವರ್ಮನೆಂಬ ಕವಿ 1042ರಲ್ಲಿ ರಚಿಸಿದ ‘ವರ್ಧಮಾನ ಪುರಾಣ’ ಬೆಳಕಿಗೆ ಬಂದ ಮೇಲೆ, ಇಬ್ಬರೂ ಒಬ್ಬನೇ ಎಂದು ಭಾವಿಸಿದ ವಿದ್ವಾಂಸರು ಅವನ ಕಾಲವನ್ನು ಒಂದು ಶತಮಾನದಷ್ಟು ಹಿಂದಕ್ಕೆ ಒಯ್ದರು. ಆ ಶೋಧಕ್ಕೆ ಮುಂಚಿನ ಲೇಖನವೊಂದನ್ನು ಅದರ ಕರ್ತೃವೇ ಇಸವಿ ನಮೂದಿಸದೆ ಇಂದು ಮರುಮುದ್ರಿಸಿದರೆ, ಹೊಸ ಆಧಾರವನ್ನು ಪರಿಶೀಲಿಸಿಯೇ ಹಳೆಯ ಮತವನ್ನು ಎತ್ತಿಹಿಡಿದಿದ್ದಾರೆಂದು ವಿದ್ಯಾರ್ಥಿ ಭ್ರಮಿಸುತ್ತಾನೆ. ಅದೇ ಲೇಖನ ಮೂರು ಕಡೆ ಅಚ್ಚಾದರೆ, ಒಂದು ಅಭಿಪ್ರಾಯಕ್ಕೆ ಮೂರು ಸಾಕ್ಷಿಗಳಿವೆಯೆಂದು ಎಣಿಸುತ್ತಾನೆ.

ಪ್ರಾಮಾಣಿಕ ಪುನರ್ಬಳಕೆಯ ಮಾದರಿಯೂ ನಮ್ಮಲ್ಲಿದೆ. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಪ್ರಕಟವಾಯಿತು, 1924ರಲ್ಲಿ ಅದರ ಪರಿಷ್ಕೃತ ಮುದ್ರಣ ಹೊರಬಂದಿತು. ಹೆಸರು ಅದೇ ಆಗಿರುವುದರಿಂದ ಎರಡನ್ನೂ ಎದುರುಬದುರು ಇಟ್ಟು, ಯಾವ ಕವಿಯ ವಿಷಯದಲ್ಲಿ ಏನು ಬದಲಾಯಿತೆಂದು ಇಂದಿಗೂ ನೋಡಬಹುದು. ಸಂಶೋಧಕನು ತನ್ನ ಹಳೆಯ ಬರಹಕ್ಕೆ ಮರಳುವುದು ತಪ್ಪಲ್ಲ. ಅದು ಮೊದಲು ಎಲ್ಲಿ, ಯಾವಾಗ ಪ್ರಕಟವಾಯಿತು, ಈಗ ಏನನ್ನು ತಿದ್ದಲಾಗಿದೆ ಎಂಬುದನ್ನು ಲೇಖನದ ಆರಂಭದಲ್ಲಿ ಎರಡು ವಾಕ್ಯಗಳಲ್ಲಿ ತಿಳಿಸಿದರೆ ಸಾಕು.