ಶೇಕ್ಸ್‌ಪಿಯರ್ ಮೈಸೂರಿಗೆ ಬಂದ ಕಥೆ



ವೈದ್ಯನಿಗೆ ನಾಟಕದ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಈಚೆಗೆ ದೋಹಾದಲ್ಲಿ ಮಿತ್ರರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಅವರ ಮಗಳು ಶಾಲೆಯ ಪಾಠಕ್ಕೆಂದು 'ಮ್ಯಾಕ್‌ಬೆತ್' ಓದುತ್ತಿದ್ದಳು. ಮೈಸೂರಿನಿಂದ ಬಂದಿದ್ದ ಅಜ್ಜಿ, "ಏನು ಕಥೆ ಮಗೂ ಅದು, ನನಗೂ ಹೇಳು" ಎಂದರು. ಹುಡುಗಿ ಸ್ವಲ್ಪ ತಡವರಿಸಿ, "ಕನ್ನಡದಲ್ಲಿ ಹೇಳೋಕೆ ಬರಲ್ಲ ಅಜ್ಜಿ" ಎಂದುಬಿಟ್ಟಳು. ನನಗೆ ಕೂಡಲೇ ನೆನಪಾದವರು ಬಸವಪ್ಪ ಶಾಸ್ತ್ರಿಗಳು. ಅವರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ವಿಲಿಯಂ ಶೇಕ್ಸ್‌ಪಿಯರ್ 1564ರಲ್ಲಿ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಆತ ಇನ್ನೂ ತೊಟ್ಟಿಲಲ್ಲಿದ್ದಾಗಲೇ, 1565ರ ಜನವರಿಯಲ್ಲಿ, ಇತ್ತ ನಮ್ಮ ವಿಜಯನಗರ ತಾಳೀಕೋಟೆಯ ಯುದ್ಧದಲ್ಲಿ ಸೋತಿತು. ತಂದೆ ಕೈಗವಸು ಹೊಲಿಯುವ ಕಸುಬಿನವನು. ಮಗ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಹದಿನೆಂಟಕ್ಕೆ ಮದುವೆ, ಬಳಿಕ ಲಂಡನ್ ಸೇರಿ ನಟನೂ ನಾಟಕಕಾರನೂ ಆದ. 1592ರಿಂದ 94ರವರೆಗೆ ಪ್ಲೇಗ್ ಬಂದು ಅಲ್ಲಿನ ನಾಟಕಶಾಲೆಗಳು ಬಹುಪಾಲು ಮುಚ್ಚಿದ್ದವು. ಕೋವಿಡ್ ಕಂಡ ನಮಗೆ ಆ ಕಷ್ಟ ಚೆನ್ನಾಗಿ ಅರ್ಥವಾದೀತು. 1596ರಲ್ಲಿ ಅವನ ಒಬ್ಬನೇ ಮಗ ಹನ್ನೊಂದರ ಪ್ರಾಯದಲ್ಲಿ ತೀರಿಕೊಂಡ. ಹಿರಿಯ ಅಳಿಯ ವೈದ್ಯನಾಗಿದ್ದ ಎಂಬುದು ನಮ್ಮ ವೃತ್ತಿಯವರಿಗೊಂದು ಸಮಾಧಾನ! 1616ರಲ್ಲಿ ಅವನು ಕಾಲವಾದ ಮೇಲೆ, 1623ರಲ್ಲಿ ಗೆಳೆಯರು 36 ನಾಟಕಗಳನ್ನು ಒಂದೇ ಸಂಪುಟವಾಗಿ ಅಚ್ಚು ಹಾಕಿಸಿದರು. ಅದರಲ್ಲಿ ಅರ್ಧದಷ್ಟು ಮೊದಲು ಅಚ್ಚಾದದ್ದೇ ಆಗ.

ಇನ್ನು ಮೈಸೂರಿಗೆ ಬರೋಣ. ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು (1843-1891) ಸಂಸ್ಥಾನದ ನಾಡಗೀತೆ ಬರೆದವರು, 'ಶಾಕುಂತಲ'ವನ್ನು ಕನ್ನಡಿಸಿ 'ಅಭಿನವ ಕಾಳಿದಾಸ' ಎನಿಸಿಕೊಂಡವರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ 'ಒಥೆಲೊ' ಅವರ ಕೈಯಲ್ಲಿ 'ಶೂರಸೇನ ಚರಿತ್ರೆ'ಯಾಯಿತು! ಸಿ. ಸುಬ್ಬರಾಯರು ಇಂಗ್ಲಿಷ್ ಬಲ್ಲವರು. ಅವರು ಕಥೆಯನ್ನು ಕನ್ನಡಕ್ಕೆ ಇಳಿಸಿಕೊಟ್ಟರು. ಶಾಸ್ತ್ರಿಗಳು ಅದಕ್ಕೆ ನಾಟಕದ ರೂಪ ಕೊಟ್ಟರು. ಒಬ್ಬರ ಕಣ್ಣು, ಇನ್ನೊಬ್ಬರ ನಾಲಿಗೆ. ಆ ಜೋಡಿಯಲ್ಲಿ ನನಗೆ ಹೆಚ್ಚು ಪ್ರಿಯರು, ಹೆಸರು ಮರೆತುಹೋದ ಸುಬ್ಬರಾಯರೇ.

ಆ ಕಾಲದವರಿಗೆ ಮೂಲದ ಬಗ್ಗೆ ಅತಿಯಾದ ಭಯವಿರಲಿಲ್ಲ. 1889ರ 'ರಾಮವರ್ಮ ಲೀಲಾವತಿ'ಯಲ್ಲಿ ರೋಮಿಯೋ ಜೂಲಿಯೆಟ್ ಸತ್ತೇ ಉಳಿಯುವುದಿಲ್ಲ. ಸಾಕ್ಷಾತ್ ವಿಷ್ಣುವೇ ಬಂದು ಬದುಕಿಸುತ್ತಾನೆ. ಪಂಡಿತರು ನಗಬಹುದು, ನನಗಂತೂ ಸಂತೋಷವೇ. ಎಂ. ಎಲ್. ಶ್ರೀಕಂಠೇಶಗೌಡರು 'ಮ್ಯಾಕ್‌ಬೆತ್'ನಿಂದ 'ಪ್ರತಾಪರುದ್ರದೇವ' ಮಾಡಿದರು. ಮುಂದೆ ಕುವೆಂಪು ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಬರೆದರು. ಡಿ.ವಿ.ಜಿ., ಮಾಸ್ತಿಯವರು ಮೂಲಕ್ಕೆ ಹತ್ತಿರವಾಗಿಯೇ ಅನುವಾದಿಸಿದರು. ಎಚ್. ಎಸ್. ಶಿವಪ್ರಕಾಶರ 'ಮಾರನಾಯಕ'ನೂ ಮ್ಯಾಕ್‌ಬೆತ್ತನೇ. ಹುಲುಗಪ್ಪ ಕಟ್ಟೀಮನಿಯವರು ಅದನ್ನು ಜೈಲಿನ ಕೈದಿಗಳಿಂದಲೇ ಆಡಿಸಿದರು. ಕೊಲೆಯ ಪಾಪದಿಂದ ನಿದ್ದೆಗೆಟ್ಟವನ ಪಾತ್ರವನ್ನು ಅವರು ಹೇಗೆ ಆಡಿರಬೇಡ!

ಊಟವಾದ ಮೇಲೆ ಆ ಹುಡುಗಿಗೆ ಸುಬ್ಬರಾಯರ ವಿಷಯ ಹೇಳಿದೆ. ಅವಳು ಅಜ್ಜಿಯ ಪಕ್ಕ ಕೂತು, ಅರ್ಧ ಇಂಗ್ಲಿಷ್ ಬೆರೆಸಿಯೇ ಕಥೆ ಶುರುಮಾಡಿದಳು. ರಾಣಿ ನಿದ್ದೆಯಲ್ಲಿ ನಡೆಯುತ್ತಾ ಕೈ ತೊಳೆಯುವುದು, ಇದು ನನ್ನ ವಿದ್ಯೆಗೆ ಮೀರಿದ ಕಾಯಿಲೆ ಎಂದು ವೈದ್ಯ ಒಪ್ಪಿಕೊಳ್ಳುವುದು, ಎಲ್ಲ ಬಂತು. ಅಜ್ಜಿ ನನ್ನ ಕಡೆ ತಿರುಗಿ, "ಡಾಕ್ಟರೇ, ಆ ವೈದ್ಯ ಒಳ್ಳೆಯವನು ಕಣಪ್ಪ. ಸುಮ್ಮನೆ ಮಾತ್ರೆ ಬರೆದುಕೊಡಲಿಲ್ಲ" ಎಂದರು.