ಹೆಸರಿಲ್ಲದ ಪಾತಕ: ರಾಫೇಲ್ ಲೆಮ್ಕಿನನ ನ್ಯಾಯವ್ಯವಸಾಯ

ಮನುವು ವ್ಯವಹಾರಪದಗಳನ್ನು ೧೮ ಎಂದು ಎಣಿಸಿ ಒಂದೊಂದನ್ನೂ ಹೆಸರಿಸಿದನು. ಹೆಸರುಳ್ಳ ಅಪರಾಧವನ್ನಲ್ಲದೆ ಧರ್ಮಾಸನವು ವಿಚಾರಿಸಲಾರದು. ಹಾಗಾದರೆ ಒಂದು ಜನಾಂಗವನ್ನು, ಅದು ಆ ಜನಾಂಗವೆಂಬ ಕಾರಣದಿಂದಲೇ, ರಾಜಶಕ್ತಿಯು ಬೇರುಸಹಿತ ಕಿತ್ತೆಸೆದರೆ ಆ ಪಾತಕಕ್ಕೆ ಹೆಸರೇನು? ಎರಡನೆಯ ಮಹಾಯುದ್ಧದ ಕಾಲದವರೆಗೂ ರಾಷ್ಟ್ರಗಳ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆ ಉತ್ತರವನ್ನು ಕೊಡುವುದರಲ್ಲಿಯೇ ಆಯುಷ್ಯವನ್ನು ಸವೆಸಿದವನು ರಾಫೇಲ್ ಲೆಮ್ಕಿನ್.

ಈತನು ೧೯೦೦ರಲ್ಲಿ, ಅಂದು ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿ ಇಂದು ಬೆಲಾರುಸ್ ದೇಶದಲ್ಲಿರುವ ವೋಲ್ಕೋವಿಸ್ಕ್ ಊರಿನ ಬಳಿಯ ಒಕ್ಕಲುಮನೆಯೊಂದರಲ್ಲಿ, ಯೆಹೂದ್ಯರ ಕುಲದಲ್ಲಿ ಜನಿಸಿದನು. ಲ್ವೂಫ್ ವಿಶ್ವವಿದ್ಯಾಲಯದಲ್ಲಿ ಮೊದಲು ಭಾಷಾಶಾಸ್ತ್ರವನ್ನೂ ಅನಂತರ ನ್ಯಾಯಶಾಸ್ತ್ರವನ್ನೂ ವ್ಯಾಸಂಗ ಮಾಡಿದನು. ೧೯೨೧ನೆಯ ಮಾರ್ಚಿಯಲ್ಲಿ ಬರ್ಲಿನ್ ನಗರದ ಬೀದಿಯಲ್ಲಿ, ಅರ್ಮೇನಿಯನರ ಸಂಹಾರಕ್ಕೆ ಕಾರಣನಾದ ತುರ್ಕಿಯ ಮಾಜಿ ಮಂತ್ರಿ ತಲಾತ್ ಪಾಷನನ್ನು ಅರ್ಮೇನಿಯನ್ ಯುವಕನೊಬ್ಬನು ಗುಂಡಿಟ್ಟು ಕೊಂದನು. ಒಬ್ಬನನ್ನು ಕೊಂದವನು ನ್ಯಾಯಸ್ಥಾನಕ್ಕೆ ಬಂದನು; ಲಕ್ಷಾಂತರ ಮಂದಿಯನ್ನು ಕೊಲ್ಲಿಸಿದವನನ್ನು ಏಕೆ ಯಾರೂ ಹಿಡಿಯಲಿಲ್ಲ ಎಂದು ಲೆಮ್ಕಿನನು ತನ್ನ ಗುರುವನ್ನು ಕೇಳಿದನು. ಕೋಳಿಗಳನ್ನು ಸಾಕಿದವನು ತನ್ನ ಕೋಳಿಗಳನ್ನು ಕೊಂದರೆ ನೆರೆಯವರಿಗೇನು, ತಡೆಯಹೋದವನೇ ಪರರ ಹಿತ್ತಲನ್ನು ಹೊಕ್ಕ ಅಪರಾಧಿಯಾಗುವನು ಎಂಬ ಉತ್ತರ ಬಂದಿತಂತೆ. ಲೆಮ್ಕಿನನೇ ಬರೆದಿಟ್ಟ ಪ್ರಸಂಗವಿದು. ಗುರುವಿನ ಮಾತು ಅಂದಿನ ಶಾಸ್ತ್ರಕ್ಕೆ ಸರಿಯಾದುದೇ, ದೋಷವಿದ್ದುದು ಶಾಸ್ತ್ರದಲ್ಲಿ.

ಮುಂದೆ ಆತನು ವಾರ್ಸಾ ನಗರದಲ್ಲಿ ಸರಕಾರೀ ವಕೀಲನಾದನು. ೧೯೩೩ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸೇರಿದ ದಂಡನೀತಿಜ್ಞರ ಸಮ್ಮೇಳನಕ್ಕೆ ಒಂದು ಲೇಖನವನ್ನು ಕಳುಹಿಸಿದನು. ಜನಾಂಗದ ಹತ್ಯೆಯನ್ನೂ, ಜನಾಂಗವೊಂದರ ಕಲೆ ಸಂಸ್ಕೃತಿಗಳ ನಾಶವನ್ನೂ ಸರ್ವರಾಷ್ಟ್ರಗಳೂ ದಂಡಿಸಬೇಕೆಂಬುದು ಅದರ ಸೂಚನೆ. ಸಮ್ಮೇಳನವು ಅದನ್ನು ಅಂಗೀಕರಿಸಲಿಲ್ಲ.

೧೯೩೯ರಲ್ಲಿ ಜರ್ಮನರು ಪೋಲೆಂಡಿಗೆ ನುಗ್ಗಿದರು. ಲೆಮ್ಕಿನನು ತಂದೆತಾಯಿಗಳನ್ನು ಕಡೆಯ ಬಾರಿಗೆ ಕಂಡು, ದೇಶವನ್ನು ಬಿಟ್ಟು ಸ್ವೀಡನ್ನಿಗೆ ಸೇರಿದನು. ಅಲ್ಲಿ ಕುಳಿತು ಜರ್ಮನರು ತಾವು ಗೆದ್ದ ನಾಡುಗಳಲ್ಲಿ ಹೊರಡಿಸಿದ ಶಾಸನಪತ್ರಗಳನ್ನು ಒಂದೊಂದಾಗಿ ಕೂಡಿಹಾಕಿದನು. ಬಿಡಿಯಾಗಿ ಓದಿದರೆ ಅವು ಆಸ್ತಿ, ಆಹಾರ, ವಿವಾಹ ಮೊದಲಾದುವನ್ನು ಕುರಿತ ಸಾಧಾರಣ ಆಜ್ಞೆಗಳು. ಒಟ್ಟಾಗಿ ಓದಿದರೆ ಸಂಹಾರದ ಸಂಕಲ್ಪ. ೧೯೪೧ರಲ್ಲಿ ಸೈಬೀರಿಯ, ಜಪಾನುಗಳ ಮಾರ್ಗವಾಗಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದನು. ಆ ಶಾಸನಗಳನ್ನು ಆಧರಿಸಿ ಬರೆದ ಆತನ ಗ್ರಂಥವು ೧೯೪೪ರಲ್ಲಿ ಪ್ರಕಟವಾಯಿತು. ‘ಜೆನೊಸೈಡ್’ ಎಂಬ ಶಬ್ದವು ಹುಟ್ಟಿದುದು ಅದರಲ್ಲಿಯೇ.

ಇದರ ಪೂರ್ವಪದ ಗ್ರೀಕ್ ಭಾಷೆಯ ‘ಗೆನೊಸ್’. ವೇದದ ‘ಜನಸ್’ ಶಬ್ದಕ್ಕೆ ಸೋದರ. ಉತ್ತರಪದವು ಕೊಲ್ಲುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ನಮ್ಮ ವೈಯಾಕರಣರು ಕಂಡಿದ್ದರೆ ಇದು ಅರಿಸಮಾಸವೆಂದು ಮೂಗು ಮುರಿಯುತ್ತಿದ್ದರೇನೋ! ಆದರೆ ಬೇರೆ ಯಾವ ಸಾಧುಶಬ್ದವೂ ಮಾಡದ ಕಾರ್ಯವನ್ನು ಈ ಅರಿಸಮಾಸವು ಮಾಡಿತು.

೧೯೪೫ರ ನ್ಯೂರೆಂಬರ್ಗ್ ಆರೋಪಪತ್ರದಲ್ಲಿ ಈ ಶಬ್ದವು ಸೇರಿತು. ಮರುವರ್ಷ ಹೊರಬಿದ್ದ ತೀರ್ಪಿನಲ್ಲಿ ಮಾತ್ರ ಅದರ ಸುಳಿವಿಲ್ಲ. ಯುದ್ಧಕ್ಕೆ ಸಂಬಂಧಪಟ್ಟ ಕ್ರೌರ್ಯವನ್ನಷ್ಟೇ ನ್ಯಾಯಾಧೀಶರು ವಿಚಾರಿಸಿದುದರಿಂದ, ಯುದ್ಧಕ್ಕೆ ಮುಂಚೆ ಹಿಟ್ಲರನು ಸ್ವಂತ ಪ್ರಜೆಗಳಿಗೆ ಮಾಡಿದುದು ದಂಡಕ್ಕೆ ಹೊರಗಾಯಿತು. ಹಳೆಯ ಕೋಳಿಯ ಉಪಮೆಯೇ ಬೇರೊಂದು ವೇಷದಲ್ಲಿ ಪೀಠವನ್ನೇರಿದಂತಾಯಿತು. ಆ ಸಂಹಾರದಲ್ಲಿ ಲೆಮ್ಕಿನನ ಬಂಧುಗಳು ೪೯ ಮಂದಿ ಅಳಿದಿದ್ದರು. ತಂದೆತಾಯಿಗಳೂ ಅವರಲ್ಲಿ ಸೇರಿದ್ದರು.

ಆತನು ನ್ಯೂಯಾರ್ಕಿಗೆ ಧಾವಿಸಿ, ಯಾವ ಅಧಿಕಾರವೂ ಇಲ್ಲದೆ, ವಿಶ್ವಸಂಸ್ಥೆಯ ಪ್ರತಿನಿಧಿಗಳನ್ನು ಒಬ್ಬೊಬ್ಬರಾಗಿ ಹಿಡಿದು ಬೇಡಿದನು. ಕ್ಯೂಬ, ಪನಾಮ, ಭಾರತ ಈ ಮೂರು ದೇಶಗಳು ಠರಾವನ್ನು ಮಂಡಿಸಿದುವು. ಅಂದು ನಮ್ಮ ನಿಯೋಗಕ್ಕೆ ವಿಜಯಲಕ್ಷ್ಮಿ ಪಂಡಿತರು ಮುಖ್ಯಸ್ಥರು. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ೧೯೪೬ನೆಯ ಡಿಸೆಂಬರ್ ೧೧ರಂದು ಠರಾವು ಅಂಗೀಕೃತವಾಯಿತು. ೧೯೪೮ನೆಯ ಡಿಸೆಂಬರ್ ೯ರಂದು ಪ್ಯಾರಿಸಿನಲ್ಲಿ ಒಡಂಬಡಿಕೆಯೇ ಸಿದ್ಧವಾಯಿತು. ಸಂಸ್ಕೃತಿನಾಶದ ಭಾಗವನ್ನು ಮಾತ್ರ ರಾಷ್ಟ್ರಗಳು ಕೈಬಿಟ್ಟುವು. ಮ್ಯಾಡ್ರಿಡ್ ಕಾಲದಿಂದ ಲೆಮ್ಕಿನನು ಹಿಡಿದುಬಂದ ವಿಚಾರದಲ್ಲಿ ಅರ್ಧವೇ ಹೀಗೆ ಹೋಯಿತು. ಸಂಧಾನವೆಂಬುದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಅನಂತರದ ಹತ್ತು ವರ್ಷಗಳು ಒಡಂಬಡಿಕೆಗೆ ದೇಶದೇಶಗಳ ಅನುಮೋದನೆಯನ್ನು ಕೋರಿ ಕಾಗದ ಬರೆಯುವುದರಲ್ಲಿ ಕಳೆದುವು. ಬಡತನವು ಬಿಡಲಿಲ್ಲ. ಆಶ್ರಯಕೊಟ್ಟ ಅಮೆರಿಕವು ಅನುಮೋದಿಸಿದುದು ೧೯೮೮ರಲ್ಲಿ. ಭಾರತದ ಅನುಮೋದನೆಯು ೧೯೫೯ನೆಯ ಆಗಸ್ಟ್ ೨೭ರಂದು ದಾಖಲಾಯಿತು. ಮರುದಿನವೇ ಲೆಮ್ಕಿನನು ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯ ಮಂದಿ.

ಆತನು ಕಟ್ಟಿದ ಶಬ್ದವನ್ನು ಹಿಡಿದು ಅಂತರರಾಷ್ಟ್ರೀಯ ನ್ಯಾಯಸ್ಥಾನವೊಂದು ಮೊದಲ ಬಾರಿಗೆ ಅಪರಾಧಿಯನ್ನು ನಿರ್ಣಯಿಸಿದುದು ೧೯೯೮ನೆಯ ಸೆಪ್ಟೆಂಬರ್ ೨ರಂದು, ಆಫ್ರಿಕದ ಅರೂಷ ನಗರದಲ್ಲಿ. ಅಪರಾಧಿಯು ರುವಾಂಡ ದೇಶದ ತಾಬಾ ಎಂಬಲ್ಲಿ ಪುರಾಧ್ಯಕ್ಷನಾಗಿದ್ದ ಅಕಾಯೇಸು ಎಂಬವನು.