ಮೆನುವಿನೊಳಗೆ ಒಂದು ಡಾರ್ಕ್ ರೂಮು

ನಮ್ಮ ಚಿಕ್ಕಪ್ಪ ಮೈಸೂರಿನ ಅಶೋಕ ರಸ್ತೆ ಹತ್ತಿರದ ಒಂದು ಸ್ಟುಡಿಯೋದಲ್ಲಿ ಡಾರ್ಕ್ ರೂಮ್ ಕೆಲಸ ಮಾಡುತ್ತಿದ್ದವರು. ಕಲರ್ ಲ್ಯಾಬ್ ಬಂದಾಗ ಅರ್ಧ ಕೆಲಸ ಹೋಯಿತು, ಡಿಜಿಟಲ್ ಬಂದಾಗ ಪೂರ್ತಿ ಹೋಯಿತು. ಹಾಗಾಗಿ ಕಂಪ್ಯೂಟರ್ ಕಂಡರೆ ಅವರಿಗೆ ಅಷ್ಟಕ್ಕಷ್ಟೆ.

ಒಂದು ದಸರಾ ರಜೆಯಲ್ಲಿ ಅಜ್ಜಿಯ ಹಳೇ ಫೋಟೋ ಸ್ಕ್ಯಾನ್ ಮಾಡಿ ಗಿಂಪ್‌ನಲ್ಲಿ ಸರಿಮಾಡಲು ಕೂತಿದ್ದೆ. ಅಜ್ಜಿಯ ಮುಖ ತೀರಾ ಕಪ್ಪಾಗಿತ್ತು. ಮೆನುವಿನಲ್ಲಿ 'ಡಾಡ್ಜ್/ಬರ್ನ್' ಅಂತ ಕಂಡಿತು. ಡಾಡ್ಜ್ ಅಂದರೆ ತಪ್ಪಿಸಿಕೊಳ್ಳುವುದು, ಬರ್ನ್ ಅಂದರೆ ಸುಡುವುದು. ಫೋಟೋದಲ್ಲಿ ಯಾರು ತಪ್ಪಿಸಿಕೊಳ್ಳಬೇಕು, ಯಾರನ್ನು ಸುಡಬೇಕು?! ಹಿಂದೆ ನಿಂತಿದ್ದ ಚಿಕ್ಕಪ್ಪ ಬಗ್ಗಿ ಅದರ ಪುಟ್ಟ ಚಿತ್ರ ನೋಡಿದವರೇ, "ಲೋ, ಇದು ನಮ್ಮ ಕಡ್ಡಿ ಕಣೋ! ಇಲ್ಲಿಗೆ ಹೆಂಗೆ ಬಂತು?" ಅಂದರು.

ಆಮೇಲೆ ಅವರೇ ಪಾಠ ಮಾಡಿದರು. ಎನ್ಲಾರ್ಜರಿನ ಬೆಳಕು ನೆಗೆಟಿವ್ ಹಾದು ಬ್ರೋಮೈಡ್ ಪೇಪರಿನ ಮೇಲೆ ಬೀಳುತ್ತದೆ. ಅಲ್ಲಿ ಲೆಕ್ಕ ಉಲ್ಟಾ: ಬೆಳಕು ಹೆಚ್ಚು ಬಿದ್ದ ಕಡೆ ಪೇಪರ್ ಕಪ್ಪಾಗುತ್ತದೆ. ಮುಖ ಬೆಳ್ಳಗೆ ಬರಬೇಕಾದರೆ ತಂತಿಯ ತುದಿಗೆ ದುಂಡಗೆ ಕತ್ತರಿಸಿದ ರಟ್ಟು ಸಿಕ್ಕಿಸಿ ಮುಖಕ್ಕೆ ಬೀಳುವ ಬೆಳಕನ್ನು ಕೆಲವು ಸೆಕೆಂಡು ತಪ್ಪಿಸಬೇಕು. ಅದೇ ಡಾಡ್ಜ್. ಕಪ್ಪಾಗಬೇಕಾದ ಕಡೆಗೆ ಮಾತ್ರ ಬೆರಳ ಸಂದಿಯಿಂದ ಇನ್ನಷ್ಟು ಬೆಳಕು ಬಿಟ್ಟರೆ ಬರ್ನ್. ಫೋಟೋಶಾಪ್‌ನಲ್ಲಿ ಡಾಡ್ಜ್‌ಗೆ ಆ ಕಡ್ಡಿಯ ಚಿತ್ರ, ಬರ್ನ್‌ಗೆ ಮಡಿಸಿದ ಕೈಯ ಚಿತ್ರ ಇರುವುದು ಇದಕ್ಕೇ.

ಇದು ಕಾಕತಾಳೀಯ ಅಲ್ಲ. 1987ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಓದುತ್ತಿದ್ದ ಥಾಮಸ್ ನೋಲ್ ಬರೆದ ಸಣ್ಣ ಪ್ರೋಗ್ರಾಮೇ ಮುಂದೆ ಫೋಟೋಶಾಪ್ ಆಯಿತು. ತಮ್ಮ ಜಾನ್ ಜೊತೆಗೂಡಿ ಬೆಳೆಸಿದ ಅದನ್ನು ಅಡೋಬಿ 1990ರಲ್ಲಿ ಬಿಡುಗಡೆ ಮಾಡಿತು. ಈ ಥಾಮಸ್ ಫೋಟೋ ಪ್ರಿಂಟ್ ಮಾಡುವುದನ್ನು ಕಲಿತಿದ್ದು ಮನೆಯಲ್ಲಿದ್ದ ಅಪ್ಪನ ಡಾರ್ಕ್ ರೂಮಿನಲ್ಲಿ! ಗಿಂಪ್ ಶುರುವಾಗಿದ್ದು 1995ರಲ್ಲಿ, ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳಿಂದ. ಅದರಲ್ಲೂ ಇದೇ ಪದಗಳು ಉಳಿದುಕೊಂಡವು.

'ಅನ್‌ಶಾರ್ಪ್ ಮಾಸ್ಕ್' ಕಥೆಯೂ ಹೀಗೇ. ಚಿತ್ರವನ್ನು ಚೂಪು ಮಾಡುವ ಆಜ್ಞೆಗೆ 'ಮಸುಕು' ಅನ್ನುವ ಹೆಸರು ಯಾಕೆ? ಮೊದಲು ನೆಗೆಟಿವ್‌ನಿಂದ ಮಸುಕಾದ ಒಂದು ಪಾಸಿಟಿವ್ ಫಿಲ್ಮ್ ಮಾಡಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಪ್ರಿಂಟ್ ಹಾಕುತ್ತಿದ್ದರು. ಆಗ ಅಂಚುಗಳು ಎದ್ದು ಕಾಣುತ್ತಿದ್ದವು. ಫಿಲ್ಮ್ ಹೋಯಿತು, ಹೆಸರು ಉಳಿಯಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮಲ್ಲಿ ಅನೇಕರು ಇಂಥ ಮೆನುಗಳನ್ನು ಕನ್ನಡಕ್ಕೆ ತರುವ ಉತ್ಸಾಹದಲ್ಲಿ ಇರುವವರು. ಅನುವಾದದ ಫೈಲಿನಲ್ಲಿ ಒಂದು ಸಾಲು ಇಂಗ್ಲಿಷ್, ಅದರ ಕೆಳಗೆ ನಾವು ತುಂಬಬೇಕಾದ ಒಂದು ಸಾಲು, ಅಷ್ಟೇ. ಕಡ್ಡಿಯೂ ಕಾಣುವುದಿಲ್ಲ, ಕೈಯೂ ಕಾಣುವುದಿಲ್ಲ. ನಿಘಂಟು ತೆಗೆದರೆ 'ತಪ್ಪಿಸಿಕೊ', 'ಸುಡು' ಅಂತಲೇ ಸಿಗುವುದು. ಚಿಕ್ಕಪ್ಪನ ಬಾಯಲ್ಲಿ ಡಾಡ್ಜ್ ಅಂದರೆ 'ಮರೆ ಹಿಡಿಯೋದು'. ಎಷ್ಟು ಸರಿಯಾದ ಮಾತು!

ಅವತ್ತು ಕೊನೆಗೆ ಮೌಸ್ ಅವರ ಕೈಗೇ ಕೊಟ್ಟೆ. "ಒಂದೇ ಕಡೆ ನಿಲ್ಲಿಸಬಾರದು, ಆಡಿಸ್ತಾ ಇರಬೇಕು. ಇಲ್ದಿದ್ರೆ ಮರೆಯ ಅಂಚು ಕಾಣುತ್ತೆ" ಅನ್ನುತ್ತ, ಎಕ್ಸ್‌ಪೋಷರ್ ಕಡಿಮೆ ಇಟ್ಟುಕೊಂಡು ನಿಧಾನವಾಗಿ ಅಜ್ಜಿಯ ಮುಖವನ್ನು ಬೆಳಕಿಗೆ ತಂದರು. ಸ್ಕ್ರೀನಿನಲ್ಲೂ ಆ ಬುದ್ಧಿಮಾತು ಅಷ್ಟೇ ನಿಜ.

ಚಿಕ್ಕಪ್ಪ ಈಗಿಲ್ಲ. ಅವರು ಬಳಸುತ್ತಿದ್ದ ಉಳಿದ ಪದಗಳನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ. ಒಂದೇ ಒಂದು 'ಮರೆ' ಉಳಿದಿದೆ. ನಿಮ್ಮ ಊರಿನಲ್ಲಿ ಹಳೇ ಸ್ಟುಡಿಯೋದವರು ಯಾರಾದರೂ ಇದ್ದರೆ ಒಮ್ಮೆ ಹೋಗಿ ಮಾತಾಡಿಸಿ. ಅವರ ಪದಗಳನ್ನು ಬರೆದಿಡಿ, ನನಗೂ ತಿಳಿಸಿ.